ಬಸ್ಸು, ರೈಲಿನಾಗ ಪಕ್ಕದವರ ಬಾಯಿ ವಾಸನಿ: ರಾತ್ರಿಯಿಡೀ ಹೆಂಗ ತಡಕೊಳ್ಳೋದು?

ಮಾನ್ವಿ ಮಂದಿ
ರಾಯಚೂರು, ಮಾನ್ವಿ, ಸಿಂಧನೂರು ಕಡಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತೋ ಎಲ್ಲಾರಿಗೂ ಈ ತ್ರಾಸು ಗೊತ್ತದ. ಪಕ್ಕದ ಸೀಟಿನವರು ಬಾಯಿ ತೆರೆದು ಮಲಗಿದ್ರ, ಇಲ್ಲಾ ನಮ್ಮ ಕಡೆ ಮುಖ ಮಾಡಿ ಮಾತಾಡಕತ್ರ ಉಸಿರು ತಗೊಳ್ಳೋದ ಕಷ್ಟ ಆಗ್ತದ. ಎದ್ದು ಹೋಗಾಕ ಬ್ಯಾರೆ ಸೀಟು ಇರಂಗಿಲ್ಲ, ಎಸಿ ಬಸ್ಸಾದ್ರ ಕಿಟಕಿ ತೆಗಿಯಾಕ ಬರಂಗಿಲ್ಲ, ಬಾಯಿಬಿಟ್ಟು ಹೇಳಿದ್ರ ಅವರ ಮರ್ಯಾದಿ ಹೋಗ್ತದ. ಬಸ್ಸಿನಾಗ ವಾಂತಿ ಬರೋ ಮಂದಿಗಂತೂ ಕೇಳೋದ ಬ್ಯಾಡ. ಖರೇನ ಉಪಯೋಗಕ್ಕ ಬರೋ ಉಪಾಯ ಹೇಳ್ರಿ. ಬಸ್ಸು, ರೈಲು, ಕ್ರೂಸರ್ ಜೀಪು ಮೂರಕ್ಕೂ ಬೇಕು.

ಗಂಗಾವತಿ ಗಾಳಿ
ಎನ್95 ಮಾಸ್ಕ್ ಹಾಕ್ಕೊಂಡು ಮಲಗ್ರಿ, ಮುಗೀತು. ಇದಕ್ಕ ಚರ್ಚೆ ಯಾಕ?

ರಸಾಯನ ಮೇಷ್ಟ್ರು
ಮುಗಿಯಲ್ಲ ಸರ್. ಎನ್95 ತಡೆಯುವುದು ಧೂಳು, ಹನಿ, ಕಣಗಳನ್ನು. ಬಾಯಿ ವಾಸನೆ ಕಣ ಅಲ್ಲ, ಅನಿಲ. ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟಾನ್ ಥರದ ಗಂಧಕದ ಅನಿಲಗಳು. ಅವು ಮಾಸ್ಕಿನ ಬಟ್ಟೆಯ ಎಳೆಗಳ ನಡುವೆ ಆರಾಮಾಗಿ ನುಗ್ಗಿ ಬರುತ್ತವೆ. ಮಾಸ್ಕಿನಿಂದಲೇ ಕೆಲಸ ಆಗಬೇಕೆಂದರೆ ಒಳಗೆ ಆಕ್ಟಿವೇಟೆಡ್ ಕಾರ್ಬನ್ ಪದರ ಇರುವುದನ್ನು ತಗೊಳ್ಳಿ, ಬೂದು ಬಣ್ಣದ ಪದರ ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಇದ್ದಿಲು ಅನಿಲವನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಜಾಗ ತುಂಬಿದ ಮೇಲೆ ಅದೂ ಸಾಮಾನ್ಯ ಬಟ್ಟೆಯೇ. ಮೂಗಿನ ಪಕ್ಕ ಸಂದು ಬಿಟ್ಟರಂತೂ ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ, ಕಾರ್ಬನ್ ಇದ್ದೂ ಇಲ್ಲದ ಹಾಗೆ. ಮೂಗಿನ ತಂತಿಯನ್ನು ಎರಡೂ ಬೆರಳಿನಿಂದ ಒತ್ತಿ ಕೂರಿಸಿ. ಪ್ರಯಾಣ ಮುಗಿದ ಮೇಲೆ ಗಾಳಿಯಾಡದ ಕವರಿನಲ್ಲಿಡಿ, ಹೊರಗಿಟ್ಟರೆ ಮನೆಯ ಒಗ್ಗರಣೆ ವಾಸನೆಯನ್ನೆಲ್ಲ ಅದು ಹೀರಿ ಕೂತಿರುತ್ತದೆ.

ಗಂಗಾವತಿ ಗಾಳಿ
ಒಪ್ಪಿದೆ. ಆದ್ರ ಸಾದಾ ಮಾಸ್ಕೂ ಸ್ವಲ್ಪ ಕಡಿಮಿ ಮಾಡ್ತೈತಿ, ಅದನ್ನ ಇಲ್ಲ ಅನಬ್ಯಾಡ್ರಿ.

ರಸಾಯನ ಮೇಷ್ಟ್ರು
ನೇರ ಮುಖಕ್ಕೆ ಬಡಿಯುವ ಉಸಿರಿನ ರಭಸ ಒಡೆಯುತ್ತದೆ, ಅಷ್ಟು ನಿಜ.

ಸಿರುಗುಪ್ಪ ಸ್ಲೀಪರ್
ಮಾಸ್ಕಿಗಿಂತ ಮೊದಲು ಸೀಟ್ ನೋಡ್ರಿ. ಅರ್ಧ ಸಮಸ್ಯೆ ಬುಕಿಂಗ್ ಮಾಡುವಾಗಲೇ ಕಡಿಮೆ ಆಗ್ತದೆ.

ಸ್ಲೀಪರ್ ಬಸ್ಸಿನಲ್ಲಿ ಒಂದು ಕಡೆ ಜೋಡಿ ಬರ್ತ್, ಇನ್ನೊಂದು ಕಡೆ ಒಂಟಿ ಬರ್ತ್ ಇರುತ್ತೆ. ಒಬ್ಬರೇ ಹೋಗುವವರು ಒಂಟಿ ಕಡೆಯದನ್ನೇ ಹಿಡಿಯಬೇಕು, ಬೇಗ ಖಾಲಿಯಾಗುವುದೂ ಅದೇ. ಸಿಗಲಿಲ್ಲ, ಅಪರಿಚಿತರ ಜೊತೆ ಜೋಡಿ ಬರ್ತೇ ಗತಿ ಅಂದ್ರೆ ತಲೆ–ಕಾಲು ಅದಲು ಬದಲು ಮಾಡಿ ಮಲಗಿ. ಮುಖದಿಂದ ಮುಖಕ್ಕೆ ಐದಾರು ಅಡಿ ಅಂತರ ಬರುತ್ತೆ. ಕಾಲಿನ ವಾಸನೆಗೆ ಕಾಲ ಮೇಲೆ ಚಾದರ ಹೊದ್ದರೆ ಮುಗೀತು, ಬಾಯಿಗೆ ಚಾದರ ಹೊದಿಸಕ್ಕಾಗಲ್ಲ.

ಸಾದಾ ಕೆಂಪು ಬಸ್ಸಿನಲ್ಲಿ ಮೂರರ ಸೀಟು ಬಿಟ್ಟು ಎರಡರ ಸೀಟಿನ ಕಿಟಕಿ. ಮೂರರ ಸೀಟಿನ ನಡುವೆ ಕೂತರೆ ಎರಡೂ ಕಡೆಯಿಂದ ಉಸಿರು.

ಸೀಟಿನ ಎಸಿ ಬಸ್ಸಲ್ಲಿ ತಲೆ ಮೇಲಿನ ಗುಂಡು ನಾಝಲ್ ಇದೆಯಲ್ಲ, ಎಲ್ಲರೂ ಅದನ್ನ ತಪ್ಪಾಗಿ ತಿರುಗಿಸ್ತಾರೆ. ಪಕ್ಕದವರ ಮುಖದ ಕಡೆ ತಿರುಗಿಸಿದ್ರೆ ಆ ಗಾಳಿ ಅವರ ಮುಖಕ್ಕೆ ಬಡಿದು, ಉಸಿರನ್ನೂ ಕರಕೊಂಡು ನಿಮ್ಮ ಕಡೆಗೇ ಹರಡುತ್ತೆ. ನಿಮ್ಮ ಮುಖದ ಮುಂದಿನಿಂದ ಎದೆ ಮೇಲೆ ಬೀಳೋ ಹಂಗೆ, ಪಕ್ಕದವರ ಭುಜದ ಕಡೆಗೆ ಚೂರೇ ವಾಲಿಸಿ. ಮೇಲಿಂದ ಕೆಳಕ್ಕೆ ಗಾಳಿಯ ಪರದೆ ಆಗುತ್ತೆ. ಉಂಗುರ ಪೂರ್ತಿ ತೆರೆಯಿರಿ, ಅರ್ಧ ತೆರೆದ್ರೆ ಧಾರೆ ಗುರಿ ಮುಟ್ಟೋಕೆ ಮುಂಚೆನೇ ಸತ್ತೋಗುತ್ತೆ. ಮೂಗು ಒಣಗಿ ತಲೆನೋವು ಬರೋರು ನೇರ ಮೂಗಿನ ಮೇಲೆ ಬಿಟ್ಟುಕೊಳ್ಳಬೇಡಿ.

ಗುಂತಕಲ್ ಲೈನ್
ರೈಲಿನ ಲೆಕ್ಕ ಬೇರೆ. ಹಂಪಿ ಎಕ್ಸ್‌ಪ್ರೆಸ್, ಉದ್ಯಾನ್ ಎಕ್ಸ್‌ಪ್ರೆಸ್ ಯಾವುದೇ ಇರಲಿ, ಒಂದೊಂದು ಖಾನೆಯಲ್ಲೂ ಮುಖಾಮುಖಿ ಕೂರಬೇಕು. ಪಕ್ಕ ಕೂತವರ ಉಸಿರು ಅವರ ಮುಂದಕ್ಕೆ ಹೋಗುತ್ತೆ, ಎದುರು ಕೂತವರದ್ದು ನಿಮ್ಮ ಮುಖಕ್ಕೇ ಬರುತ್ತೆ. ಎದುರಿನವರದ್ದು ಸಮಸ್ಯೆ ಅಂದ್ರೆ ಅವರ ನೇರಕ್ಕೆ ಕೂರದೆ ಮೂಲೆಯಿಂದ ಮೂಲೆಗೆ ಸರಿದು ಕೂತ್ಕೊಳ್ಳಿ.

ಮಲಗುವಾಗ ನಡುವಿನ ಬರ್ತಿನವರು ಎದುರಿನ ನಡುವಿನ ಬರ್ತಿನವರಿಗೆ ಸಮಕ್ಕೆ ಬರ್ತಾರೆ. ಅವರು ಕಿಟಕಿ ಕಡೆ ತಲೆ ಹಾಕಿದ್ರೆ ನೀವು ಓಡಾಡೋ ದಾರಿ ಕಡೆ ಹಾಕಿ. ಮೇಲಿನ ಬರ್ತ್ ಸಿಕ್ಕರೆ ಉತ್ತಮ. 3ಎಸಿಯಲ್ಲಿ ಗಾಳಿ ಛಾವಣಿಯಿಂದ ಬರುತ್ತೆ, ಮೇಲೆ ಚಳಿ ಜಾಸ್ತಿ ಆದ್ರೂ ತಾಜಾ ಗಾಳಿ ಮೊದಲು ಸಿಗೋದು ಅಲ್ಲೇ.

ಎಲ್ಲಕ್ಕಿಂತ ಕಷ್ಟ ಆರ್‌ಎಸಿ, ಅಂದ್ರೆ ಪೂರ್ತಿ ಬರ್ತ್ ಸಿಗದೆ ಕೂರೋಕೆ ಮಾತ್ರ ಜಾಗ ಸಿಕ್ಕ ಟಿಕೆಟ್. ಒಂದೇ ಸೈಡ್ ಲೋಯರ್‌ನಲ್ಲಿ ಇಬ್ಬರು, ಅದೂ ಎದುರುಬದುರು. ಟಿಕೆಟ್ ನೋಡೋ ಟಿಟಿಇ ಕೈಯಲ್ಲಿರೋ ಯಂತ್ರದಲ್ಲಿ ಖಾಲಿ ಬರ್ತ್ ಕಾಣುತ್ತೆ, ಬಂದ ತಕ್ಷಣ ಕೇಳಿ. "ವಾಸನೆ ಬರುತ್ತೆ" ಅಂತ ಆ ಮನುಷ್ಯನ ಮುಂದೆ ಹೇಳೋ ಅಗತ್ಯವೇ ಇಲ್ಲ, "ಆರ್‌ಎಸಿ ಇದೆ, ಬರ್ತ್ ಖಾಲಿ ಆದ್ರೆ ಕೊಡಿ" ಅಂದ್ರೆ ಸಾಕು.

ಲಿಂಗಸುಗೂರು ಲಿಂಬಿ
ಇಷ್ಟೆಲ್ಲ ಯಾಕ್ರಿ? ಮುಖಕ್ಕ ಮುಖ ಹೇಳಿಬಿಡಬೇಕು. ಹೊಟ್ಟಿ ಸ್ವಚ್ಛ ಇಲ್ಲದವರಿಗೇ ಬಾಯಿ ನಾರೋದು. ಒಂದು ಜುಲಾಬು ತಗೊಂಡ್ರ ಸರಿಯಾಗ್ತದ.

ಕೋಟೆ ಕೆಳಗಿನ ದಂತವೈದ್ಯೆ
ಈ ಜುಲಾಬಿನ ಮಾತು ನಮ್ಮ ಕಡೆ ಎಷ್ಟು ಜನರನ್ನು ದಾರಿ ತಪ್ಪಿಸಿದೆ ಅಂದರೆ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಹತ್ತು ಜನರಲ್ಲಿ ಎಂಟು–ಒಂಬತ್ತು ಜನರ ವಾಸನೆ ಬಾಯಿಯೊಳಗೇ ಹುಟ್ಟುತ್ತದೆ. ನಾಲಿಗೆಯ ಹಿಂಭಾಗ, ಗಂಟಲ ಹತ್ತಿರದ ಆ ಬಿಳಿ ಪದರ ನೋಡಿ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಉಳಿದ ಆಹಾರ ಮತ್ತು ಉದುರಿದ ಜೀವಕೋಶಗಳ ಪ್ರೋಟೀನನ್ನು ಒಡೆದು ಗಂಧಕದ ಅನಿಲ ಬಿಡುತ್ತವೆ. ವಸಡಿನ ರೋಗ, ಹುಳುಕು ಹಲ್ಲು, ರಾತ್ರಿ ತೆಗೆಯದ ಹಲ್ಲಿನ ಸೆಟ್, ಟಾನ್ಸಿಲ್ ಸಂದಿನಲ್ಲಿ ಗಟ್ಟಿಯಾದ ಬಿಳಿ ಹರಳು, ಇವೂ ಕಾರಣ. ಜುಲಾಬು ಇವನ್ನು ಮುಟ್ಟುವುದೂ ಇಲ್ಲ.

ಲಾಲಾರಸ ಈ ಎಲ್ಲವನ್ನೂ ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಅದು ಕಡಿಮೆಯಾಗುತ್ತದೆ, ಬಾಯಿ ತೆರೆದು ಮಲಗಿದರೆ ಪೂರ್ತಿ ಒಣಗುತ್ತದೆ. ಆದ್ದರಿಂದಲೇ ರಾತ್ರಿ ಬಸ್ಸಿನಲ್ಲಿ ಬೆಳಗಿನ ಜಾವ ವಾಸನೆ ಹೆಚ್ಚು. ರಾಯಚೂರಿನ 40 ಡಿಗ್ರಿ ದಾಟಿದ ಬಿಸಿಲಲ್ಲಿ ಇಡೀ ದಿನ ದುಡಿದು ಬಸ್ ಹತ್ತಿದವರ ಬಾಯಿ ಒಣಗಿರದೆ ಇನ್ನೇನು? ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದಲ್ಲೂ ಇದೇ ಆಗುತ್ತದೆ. ಅದರಲ್ಲಿ ಕೊಳಕಿನ ಮಾತಿಲ್ಲ. ಅಲರ್ಜಿ ಮಾತ್ರೆ, ಕೆಲವು ಬಿಪಿ ಮಾತ್ರೆ, ಬಸ್ಸಿನ ವಾಂತಿಗೆ ನುಂಗುವ ಅವೊಮಿನ್ ಕೂಡ ಬಾಯಿ ಒಣಗಿಸುತ್ತವೆ.

ಲಿಂಗಸುಗೂರು ಲಿಂಬಿ
ಜುಲಾಬು ಬಿಟ್ಟೆ. ಆದ್ರ ಹಳದಿ, ಕಂದು ಹಲ್ಲಿನವರ ಪಕ್ಕ ಕೂತ್ರ ವಾಸನಿ ಬರೋದು ಖರೇ ಅಲ್ಲೇನು?

ಕೋಟೆ ಕೆಳಗಿನ ದಂತವೈದ್ಯೆ
ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಚಿಕ್ಕಂದಿನಲ್ಲಿ, ಒಸಡಿನೊಳಗೆ ಹಲ್ಲು ರೂಪಗೊಳ್ಳುವಾಗ ಅದಕ್ಕಿಂತ ಹೆಚ್ಚು ಹೋದರೆ ದಂತಕವಚದಲ್ಲಿ ಸುಣ್ಣದ ಬಿಳಿ ಗೆರೆ, ಮುಂದೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗದು, ಕಲೆ ಹಲ್ಲಿನ ಒಳಗೇ ಇರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ನಕ್ಕರೆ ಕೈ ಅಡ್ಡ ಹಿಡಿಯುವ ಹುಡುಗಿಯರು ನಮ್ಮ ಕಡೆ ಪ್ರತಿ ಹಳ್ಳಿಯಲ್ಲಿದ್ದಾರೆ. ಅವರು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಾಗ ಮೂಗಿಗೆ ಕರ್ಚೀಪು ಹಿಡಿಯುವುದು ಅನ್ಯಾಯ.

ಮಾನ್ವಿ ಮಂದಿ
ಇದು ಎಲ್ಲಾರಿಗೂ ಗೊತ್ತಾಗಬೇಕಾದ ಮಾತು. ಥ್ಯಾಂಕ್ಸ್ ಡಾಕ್ಟ್ರೇ.

ಯರಗೇರಾ ಯುವಕ
ಬೆಳ್ಳುಳ್ಳಿ ಖಾರ, ಹಸಿ ಉಳ್ಳಾಗಡ್ಡಿ ತಿಂದು ಬರೋರಿಗೆ ಏನು ಪರಿಹಾರ? ಬಾಯಿ ತೊಳಕೊಂಡು ಬಂದ್ರೂ ಹೋಗಂಗಿಲ್ಲ.

ರಸಾಯನ ಮೇಷ್ಟ್ರು
ಬಾಯಿಂದ ಅಷ್ಟೇ ಬರುತ್ತಿದ್ದರೆ ಹೋಗುತ್ತಿತ್ತು. ಬೆಳ್ಳುಳ್ಳಿ ಜೀರ್ಣವಾದ ಮೇಲೆ ಅಲೈಲ್ ಮೀಥೈಲ್ ಸಲ್ಫೈಡ್ ಅನ್ನುವುದು ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಗೆ ಬರುತ್ತದೆ. ತಾಸುಗಟ್ಟಲೆ ಬರುತ್ತಲೇ ಇರುತ್ತದೆ. ಎಷ್ಟು ಬ್ರಷ್ ಮಾಡಿದರೂ ಅಷ್ಟೇ. ಕೆಲಸ ಮಾಡುವುದು ಊಟದಲ್ಲೇ ಇದೆ: ಹಸಿ ಸೇಬು, ಪುದೀನ ಎಲೆ, ಹಾಲು, ಮೊಸರು. ಸೇಬು, ಪುದೀನದಲ್ಲಿರುವ ಕಿಣ್ವ ಮತ್ತು ಫೀನಾಲ್‌ಗಳು ಆ ಗಂಧಕದ ಸಂಯುಕ್ತಗಳನ್ನು ಕಟ್ಟಿಹಾಕುತ್ತವೆ, ಹಾಲು ಮೊಸರಿನ ಕೊಬ್ಬು ಮತ್ತು ಪ್ರೋಟೀನೂ ಅದನ್ನೇ ಮಾಡುತ್ತವೆ. ಹಾಲನ್ನು ಆಮೇಲೆ ಕುಡಿಯುವುದಕ್ಕಿಂತ ಖಾರದ ಜೊತೆಗೇ ಕುಡಿದರೆ ಹೆಚ್ಚು ಫಲ. ರೊಟ್ಟಿ, ಖಾರದ ಜೊತೆ ಗಟ್ಟಿ ಮೊಸರು ಹಾಕಿಕೊಳ್ಳುವ ನಮ್ಮ ಊಟದ ಪದ್ಧತಿಯೇ ಸರಿ ಇದೆ.

ಸಾರಾಯಿ ವಾಸನೆಯೂ ರಕ್ತದಿಂದಲೇ ಬರುವುದು. ಪೆಪ್ಪರ್‌ಮೆಂಟಿಗೆ ಅದು ಬಗ್ಗಲ್ಲ.

ಬಳ್ಳಾರಿ ಬುತ್ತಿ
ಬಸ್ ಹತ್ತೋಕ್ಕಿಂತ ಮುಂಚೆ ಮಂಡಕ್ಕಿ ಒಗ್ಗರಣಿ–ಮಿರ್ಚಿ ತಿನ್ನೋದನ್ನ ಮಾತ್ರ ಯಾರೂ ಬಿಡಿಸಬ್ಯಾಡ್ರಿ.

ಯರಗೇರಾ ಯುವಕ
ತಿನ್ರಿ, ಮ್ಯಾಲೆ ಹಾಕಿದ ಹಸಿ ಉಳ್ಳಾಗಡ್ಡಿ ತೆಗೆದಿಟ್ಟು ತಿನ್ರಿ.

ಬಳ್ಳಾರಿ ಬುತ್ತಿ
ಉಳ್ಳಾಗಡ್ಡಿ ಇಲ್ಲದ ಒಗ್ಗರಣಿ ಒಗ್ಗರಣಿನೇ ಅಲ್ಲ.

ಕುಷ್ಟಗಿ ಅಕ್ಕ
ವಿಷಯಕ್ಕೆ ಬನ್ನಿ. "ನೀರು ಕುಡೀರಿ, ಬಾಯಿ ಒಣಗಿಸಬೇಡಿ" ಅಂತ ಎಲ್ಲರೂ ಹೇಳ್ತೀರಿ. ರಾತ್ರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಯಾಕೆ ಸಂಜೆಯಿಂದಲೇ ನೀರು ಬಿಟ್ಟಿರ್ತಾರೆ ಅಂತ ಗೊತ್ತಾ? ಬಸ್ ನಿಲ್ಲುವ ಢಾಬಾಗಳಲ್ಲಿ ಬಾಗಿಲಿನ ಚಿಲಕ ಇರಲ್ಲ, ದೀಪ ಇರಲ್ಲ, ಬಕೆಟ್ಟಿನಲ್ಲಿ ನೀರು ಇರಲ್ಲ. ಎಷ್ಟೋ ಬಾಯಿ ವಾಸನೆಯ ಮೂಲ ಆ ಶೌಚಾಲಯ. ಅದನ್ನ ಸರಿ ಮಾಡದೆ ಪಕ್ಕದ ಸೀಟಿನ ಹೆಂಗಸಿನ ಬಗ್ಗೆ ಮೂಗು ಮುರಿಯಬೇಡಿ.

ಅಲ್ಲಿಯವರೆಗೆ ಮಾಡಬಹುದಾದ್ದು: ಗಟಗಟ ಕುಡಿಯದೆ, ಅರ್ಧ ತಾಸಿಗೊಮ್ಮೆ ಎರಡು ಚಮಚದಷ್ಟು ನೀರು ಬಾಯಿಗೆ ಹಾಕಿ, ನಾಲಿಗೆಯ ಹಿಂದಕ್ಕೆ ಹೋಗೋ ಹಾಗೆ ಆಡಿಸಿ ನುಂಗಿ. ಬಾಯಿ ಹಸಿ ಇರುತ್ತೆ, ಹೊಟ್ಟೆ ತುಂಬಲ್ಲ. ಜೊತೆಗೆ ಒಂದು ಲವಂಗ ಕೆನ್ನೆಯಲ್ಲಿ ಇಟ್ಟುಕೊಂಡರೆ ಜೊಲ್ಲು ಬರುತ್ತಾ ಇರುತ್ತೆ. ಮಲಗೋ ಮುಂಚೆ ಲವಂಗ ಉಗುಳಿಬಿಡಿ, ನಿದ್ದೆಯಲ್ಲಿ ಗಂಟಲಿಗೆ ಹೋಗಬಾರದು.

ಸಿರುಗುಪ್ಪ ಸ್ಲೀಪರ್
ಅಕ್ಕ ಹೇಳಿದ್ದಕ್ಕೆ ನನ್ನದೂ ಸಹಿ. ಬಸ್ ನಿಲ್ಲುವ ಜಾಗವನ್ನು ಆರಿಸುವವರು ಮೊದಲು ಶೌಚಾಲಯ ನೋಡಬೇಕು, ಆಮೇಲೆ ಚಹಾ.

ಸಂಡೂರು ಸ್ಟೇರಿಂಗ್
ಕ್ರೂಸರ್, ಕಾರಿನ ಬಗ್ಗೆ ಯಾರೂ ಹೇಳಲಿಲ್ಲ. ಕೇಳ್ರಿ. ಎಲ್ಲಾರೂ ತಮ್ಮ ಪಕ್ಕದ ಒಂದೇ ಕಿಟಕಿ ತೆಗೀತಾರ. ಗಾಳಿ ಬರೋ ದಾರಿ ಐತಿ, ಹೋಗೋ ದಾರಿ ಇಲ್ಲ, ಹಂಗಾಗಿ ಒಳಗಿನ ವಾಸನಿ ಒಳಗ ಸುತ್ತತೈತಿ. ಓಡೋ ಗಾಡ್ಯಾಗ ಗಾಳಿ ಹಿಂದಿನ ಕಿಟಕಿಯಿಂದ ಒಳಗ ಬಂದು ಮುಂದಿನ ಕಿಟಕಿಯಿಂದ ಹೊರಗ ಹೋಗ್ತೈತಿ. ಎರಡ ಕಿಟಕಿ ತೆಗಿಯೋದಾದ್ರ ಕೋನದಿಂದ ಕೋನಕ್ಕ ತೆಗೀರಿ: ಎಡಗಡಿ ಹಿಂದಿಂದು, ಬಲಗಡಿ ಮುಂದಿಂದು. ನಾಕೈದು ಬಟ್ಟು ಇಳಿಸಿದ್ರ ಸಾಕು.

ಎಸಿ ಹಾಕಿದ್ರ ಡ್ಯಾಶ್‌ಬೋರ್ಡಿನ ಮ್ಯಾಲೆ ಕಾರಿನ ಚಿತ್ರದೊಳಗ ಬಾಣ ತಿರುಗಿರೋ ಗುಂಡಿ ಐತಲ್ಲ, ಅದು ಒಳಗಿನ ಗಾಳಿನೇ ತಿರುಗಿ ತಿರುಗಿ ತಣ್ಣಗ ಮಾಡ್ತೈತಿ. ವಾಸನಿ ಬಂದ್ರ ಅದನ್ನ ಆಫ್ ಮಾಡಿ ಹೊರಗಿನ ಗಾಳಿ ಬಿಡ್ರಿ. ಆದ್ರ ಸಂಡೂರು, ತೋರಣಗಲ್ಲು ದಾಟುವಾಗ ಅದಿರು ಲಾರಿ ಹಿಂದ ಸಿಕ್ಕಿದ್ರ ಮತ್ತ ಒಳಗಿನ ಗಾಳಿಗೇ ಹಾಕಬೇಕು, ಇಲ್ಲಂದ್ರ ಕೆಂಪು ಧೂಳು ಒಳಗ ಬರತೈತಿ. ಲಾರಿ ದಾಟಿದ ಮ್ಯಾಲೆ ವಾಪಸ್ ಹೊರಗಿಂದಕ್ಕ.

ಸಿಂಧನೂರು ಸೋಂಪು
ಮೂಗಿನ ಒಳಗೆ ಸ್ವಲ್ಪ ವಿಕ್ಸ್ ಸವರಿಕೊಳ್ಳಿ. ರಾತ್ರಿಯೆಲ್ಲ ಏನೂ ಗೊತ್ತಾಗಲ್ಲ.

ವಾರ್ಡ್ ಸಿಸ್ಟರ್, ಕೊಪ್ಪಳ
ಮೂಗಿನ ಒಳಗೆ ಹಚ್ಚಬಾರದು. ಒಳಚರ್ಮ ಉರಿಯುತ್ತದೆ, ಎಣ್ಣೆ ಜಿಡ್ಡು ಉಸಿರಿನ ಜೊತೆ ಒಳಗೆ ಹೋಗಬಹುದು. ಮೇಲ್ದುಟಿಯ ಮೇಲೆ ಸಾಸಿವೆಯಷ್ಟು, ಅಥವಾ ಮಾಸ್ಕಿನ ಹೊರಬದಿಯ ಕೆಳಗಿನ ಅಂಚಿಗೆ. ಕರ್ಪೂರ, ಮೆಂಥಾಲ್ ಇರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬೇಡಿ, ತೊಡೆಯ ಮೇಲೆ ಮಗು ಇದ್ದರೆ ನೀವೂ ಹಚ್ಚಿಕೊಳ್ಳಬೇಡಿ, ಅದರ ಕೈ ನಿಮ್ಮ ಮುಖಕ್ಕೇ ಬರುವುದು. ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಮಕ್ಕಳಿರುವವರಿಗೆ, ಅಸ್ತಮಾ ಇರುವವರಿಗೆ ಕರ್ಚೀಪಿನ ಉಪಾಯ ಒಳ್ಳೆಯದು. ಎರಡು ಲವಂಗ, ಒಂದು ಏಲಕ್ಕಿ ಜಜ್ಜಿ ಕರ್ಚೀಪಿನ ಮಧ್ಯೆ ಇಟ್ಟು ನಾಲ್ಕು ಮಡಿಕೆ. ಬೇಕಾದಾಗ ಮಾತ್ರ ಮೂಗಿನ ಹತ್ತಿರ ತನ್ನಿ. ಸದಾ ಹಿಡಿದುಕೊಂಡರೆ ಮೂಗು ಲವಂಗಕ್ಕೂ ಒಗ್ಗಿ ಪ್ರಯೋಜನವಾಗಲ್ಲ. ಬಸ್ಸಿನಲ್ಲಿ ಸೆಂಟ್ ಹೊಡೆಯುವವರು ದಯವಿಟ್ಟು ನಿಲ್ಲಿಸಿ. ವಾಸನೆ ಹೋಗಲ್ಲ, ಎರಡೂ ಕೂಡಿ ಹೊಟ್ಟೆ ತೊಳಸುತ್ತದೆ, ಉಬ್ಬಸದವರಿಗೆ ಉಸಿರು ಕಟ್ಟುತ್ತದೆ.

ವಾಂತಿ ಬರುವ ಹಾಗಾದರೆ: ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸುವ ಆಲ್ಕೋಹಾಲ್ ಸ್ವ್ಯಾಬ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಪೊಟ್ಟಣ ಹರಿದು ಮೂಗಿನಿಂದ ಒಂದೆರಡು ಸೆಂಟಿಮೀಟರ್ ದೂರ ಹಿಡಿದು, ಮೂಗಿನಿಂದ ನಿಧಾನ ಆಳವಾಗಿ ಒಂದು ನಿಮಿಷದವರೆಗೆ ಉಸಿರು ತಗೊಳ್ಳಿ. ನಾಲ್ಕು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಬಹುದು. ದೊಡ್ಡವರಿಗೆ ಮಾತ್ರ. ಆಸ್ಪತ್ರೆಯ ತುರ್ತು ವಿಭಾಗಗಳಲ್ಲೇ ಪರೀಕ್ಷಿಸಿ ಫಲ ಕಂಡ ವಿಧಾನ ಇದು.

ಗಂಗಾವತಿ ಗಾಳಿ
ಬಾಯಿಂದ ಉಸಿರಾಡಿದ್ರ ವಾಸನಿ ಗೊತ್ತಾಗಂಗಿಲ್ಲ. ಖರ್ಚಿಲ್ಲದ ಉಪಾಯ.

ಕೋಟೆ ಕೆಳಗಿನ ದಂತವೈದ್ಯೆ
ಹತ್ತು ನಿಮಿಷಕ್ಕಾದರೆ ಸರಿ. ರಾತ್ರಿಯಿಡೀ ಬಾಯಿಂದ ಉಸಿರಾಡಿದರೆ ನಿಮ್ಮ ನಾಲಿಗೆ ಒಣಗುತ್ತದೆ, ಬೆಳಿಗ್ಗೆ ತುಮಕೂರು ದಾಟುವಾಗ ನಿಮ್ಮ ಪಕ್ಕದವರು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ.

ಮಾನ್ವಿ ಮಂದಿ
ಹಂಗಾರ ನಮ್ಮ ಬಾಯಿ ಹೆಂಗದ ಅಂತ ನಾವು ತಿಳಕೊಳ್ಳೋದು ಹೆಂಗ?

ಕೋಟೆ ಕೆಳಗಿನ ದಂತವೈದ್ಯೆ
ಅಂಗೈಗೆ ಊದಿ ಮೂಸಿದರೆ ಗೊತ್ತಾಗದು, ಸ್ವಂತ ವಾಸನೆಗೆ ಮೂಗು ಒಗ್ಗಿರುತ್ತದೆ. ಮಣಿಕಟ್ಟಿನ ಒಳಭಾಗ ನೆಕ್ಕಿ, ಹತ್ತು ಸೆಕೆಂಡ್ ಒಣಗಲು ಬಿಟ್ಟು ಮೂಸಿ. ಇಲ್ಲವೇ ಚಮಚ ಬೋರಲು ಹಿಡಿದು ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದು ಆ ಪದರ ಮೂಸಿ ನೋಡಿ.

ಬಸ್ ಹತ್ತುವ ಮುಂಚೆ ಬ್ರಷ್, ಹಲ್ಲಿನ ಸಂದಿಗೆ ದಾರ, ಆಮೇಲೆ ನಾಲಿಗೆ. ನಾಲಿಗೆ ಕೆರೆಯುವ ಪಟ್ಟಿಯನ್ನು ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಇಟ್ಟು ಮುಂದಕ್ಕೆ ಎಳೆಯಿರಿ, ನಾಲ್ಕೈದು ಸಲ, ಪ್ರತಿ ಸಲ ತೊಳೆದು. ಉಸಿರು ಹೊರಬಿಡುತ್ತಾ ಎಳೆದರೆ ಓಕರಿಕೆ ಕಡಿಮೆ. ಬೇವಿನ ಕಡ್ಡಿಯವರು ಅದನ್ನೇ ಉದ್ದಕ್ಕೆ ಸೀಳಿ ಬಗ್ಗಿಸಿ ನಾಲಿಗೆ ಕೆರೆಯುತ್ತಾರಲ್ಲ, ಅದೂ ಸರಿ. ಕ್ಲೋರ್‌ಹೆಕ್ಸಿಡಿನ್ 0.2 ಪ್ರತಿಶತ ಮೌತ್‌ವಾಶ್ ಬಳಸುವುದಾದರೆ 10 ಮಿಲಿ, ಒಂದು ನಿಮಿಷ. ಪೇಸ್ಟಿನಿಂದ ಹಲ್ಲುಜ್ಜಿ ಅರ್ಧ ತಾಸು ಆದ ಮೇಲೆ ಬಳಸಿ, ಪೇಸ್ಟಿನ ನೊರೆ ಬರಿಸುವ ವಸ್ತು ಅದನ್ನು ನಿಷ್ಕ್ರಿಯ ಮಾಡುತ್ತದೆ. ಎರಡು ವಾರ ಮೀರಿ ದಿನಾ ಬಳಸಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆಗೆ ರುಚಿ ವ್ಯತ್ಯಾಸ.

ಲಿಂಗಸುಗೂರು ಲಿಂಬಿ
ಸರಿ, ಪಕ್ಕದವರಿಗೆ ಹೇಳಬೇಕೋ ಬ್ಯಾಡೋ? ಅದನ್ನ ಹೇಳ್ರಿ. ನಾನಂತೂ ಹೇಳಬೇಕು ಅಂತೀನಿ.

ಕುಷ್ಟಗಿ ಅಕ್ಕ
ಮನೆಯವರಿಗೆ, ಗೆಳೆಯರಿಗೆ ಒಬ್ಬರೇ ಇದ್ದಾಗ ಹೇಳಿ. ಮತ್ತೆ ನೋಡದ ಅಪರಿಚಿತರಿಗೆ ಹೇಳಿ ಏನು ಸಾಧಿಸ್ತೀರಿ? ಅವರು ನಡುರಾತ್ರಿ ಏನೂ ಮಾಡಲಾರರು, ಬೆಳಗಾಗೋವರೆಗೆ ಮುದುಡಿ ಕೂತಿರ್ತಾರೆ. ಸೋಂಪಿನ ಪೊಟ್ಟಣ ತೆಗೆದು ಮೊದಲು ನೀವು ಬಾಯಿಗೆ ಹಾಕ್ಕೊಳ್ಳಿ, ಆಮೇಲೆ ಮುಂದೆ ಹಿಡಿಯಿರಿ. ಬರೀ ಅವರಿಗಷ್ಟೇ ಕೊಡಬೇಡಿ, ಹಿಂದಿನ ಮುಂದಿನ ಸೀಟಿಗೂ ಕೊಡಿ. ಪೇರಲ, ಸೇಬಿನ ಹೋಳು ಇನ್ನೂ ಒಳ್ಳೇದು, ಅಗಿಯೋದ್ರಿಂದ ಜೊಲ್ಲು ಬರುತ್ತೆ. ಸಕ್ಕರೆ ಪೆಪ್ಪರ್‌ಮೆಂಟ್ ಬೇಡ.

ಯರಗೇರಾ ಯುವಕ
ಗುಟ್ಕಾ ಮಂದಿಗೂ ಸೋಂಪು ಕೊಡಬೇಕಾ? ನಮ್ಮ ರಾಜ್ಯದಾಗ 2013ರಾಗ ಗುಟ್ಕಾ ನಿಷೇಧ ಆಗ್ಯದ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಗೊಂಡು ಅಂಗೈಯಾಗ ಕಲಸಿ ಹಾಕ್ಕೋತಾರ. ಕಿಟಕಿಯಿಂದ ಉಗುಳಿದ್ರ ಹಿಂದಿನ ಸೀಟಿನವರ ಮುಖಕ್ಕ.

ಸಿರುಗುಪ್ಪ ಸ್ಲೀಪರ್
ಉಗುಳೋದು, ಕುಡಿದು ಗಲಾಟೆ ಮಾಡೋದು ಬೇರೆ ವಿಷಯ. ಅದಕ್ಕೆ ನಾಚಿಕೆ ಪಡಬೇಡಿ, ಕಂಡಕ್ಟರಿಗೆ ಹೇಳಿ. ರೈಲಲ್ಲಾದ್ರೆ ರೈಲ್ವೆ ಸಹಾಯವಾಣಿ 139, ಜೋರಾದ್ರೆ ತುರ್ತು ನಂಬರ್ 112. ಬಾಯಿ ವಾಸನೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವಾರ್ಡ್ ಸಿಸ್ಟರ್, ಕೊಪ್ಪಳ
ಒಂದು ಮಾತು ಎಲ್ಲರೂ ಓದಿ. ಬಳ್ಳಾರಿ, ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಬಾಯಿ ಕ್ಯಾನ್ಸರಿನ ರೋಗಿಗಳು ಇದೇ ರಾತ್ರಿ ಬಸ್ಸು, ರೈಲುಗಳಲ್ಲಿರುತ್ತಾರೆ. ಟವೆಲ್ಲು ಮೂಗಿನವರೆಗೆ ಸುತ್ತಿ, ತುದಿಯನ್ನು ಹಲ್ಲಿನ ಹತ್ತಿರ ಮುಷ್ಟಿಯಲ್ಲಿ ಹಿಡಿದಿರುತ್ತಾರೆ, ಆ ಟವೆಲ್ಲು ಒಂದು ಕಡೆ ಒದ್ದೆಯಾಗಿರುತ್ತದೆ. ಅಲ್ಲಿಂದ ಬರುವ ಕೊಳೆತ ವಾಸನೆ ಗಡ್ಡೆಯ ಗಾಯದ್ದು. ಸೋಂಪು ಕೊಡಲು ಹೋಗಬೇಡಿ, ಅವರ ಬಾಯಿ ತೆರೆಯುವುದೇ ಇಲ್ಲ. ಜೊತೆಗಿರುವವರಿಗೆ ಹೇಳಿ: ಗಾಯದ ವಾಸನೆಗೆ ಮೆಟ್ರೋನಿಡಜೋಲ್ ಇದೆ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ, ವಾಸನೆ ಬಹಳ ಇಳಿಯುತ್ತದೆ. ಬದಲಿಸಲು ನಾಲ್ಕು ಒಣ ಬಟ್ಟೆ, ಗಂಟು ಹಾಕುವ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಲಿ, ಒದ್ದೆ ಬಟ್ಟೆ ಬದಲಾದರೇ ಅರ್ಧ ವಾಸನೆ ಕಡಿಮೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ನಮೂನೆ ತುಂಬಿಸಿಕೊಂಡರೆ ಸಿಗುತ್ತದೆ. ಎಷ್ಟೋ ಜನ ತಿಳಿಯದೆ ಪೂರ್ತಿ ದುಡ್ಡು ಕೊಟ್ಟು ಹೋಗುತ್ತಾರೆ.

ಇನ್ನು ಕೆಲವು ವಾಸನೆ ಗೊತ್ತಾದರೆ ಸುಮ್ಮನಿರಬೇಡಿ. ಕೊಳೆತ ಹಣ್ಣು ಅಥವಾ ಉಗುರುಬಣ್ಣ ತೆಗೆಯುವ ದ್ರವದ ವಾಸನೆ, ಜೊತೆಗೆ ಜೋರು ಉಸಿರಾಟ, ತಡೆಯಲಾಗದ ಬಾಯಾರಿಕೆ, ಮಂಪರು ಇದ್ದರೆ ಸಕ್ಕರೆ ಕಾಯಿಲೆ ಅಪಾಯದ ಮಟ್ಟಕ್ಕೆ ಹೋಗಿದೆ. ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆದು ಬಂದವರಲ್ಲಿ ಬೆಳ್ಳುಳ್ಳಿ ಅಥವಾ ಸೀಮೆಎಣ್ಣೆಯಂಥ ವಾಸನೆ, ಜೊಲ್ಲು ಸುರಿಯುವುದು, ಬೆವರು, ಕಣ್ಣಿನ ಪಾಪೆ ಚುಕ್ಕೆಯಂತಾಗಿದ್ದರೆ ಅದು ಕೀಟನಾಶಕದ ವಿಷ. ಹತ್ತಿ, ಮೆಣಸಿನಕಾಯಿ ಹೊಲಗಳ ಸೀಮೆಯವರು ನಾವು, ಇದನ್ನು ತಿಳಿದಿರಲೇಬೇಕು. ಬಸ್ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಎಣ್ಣೆ ಬಿದ್ದ ಅಂಗಿ ಬಿಚ್ಚಿಸಿ, ಬರಿಗೈಯಲ್ಲಿ ಮುಟ್ಟಬೇಡಿ, ವಾಂತಿ ಮಾಡಿಸಬೇಡಿ.

ಲಿಂಗಸುಗೂರು ಲಿಂಬಿ
ಸಿಸ್ಟರ್, ಮುಖಕ್ಕ ಮುಖ ಹೇಳೋ ಮಾತು ವಾಪಸ್ ತಗೊಂಡೆ.

ಮಾನ್ವಿ ಮಂದಿ
ಕಾರ್ಬನ್ ಮಾಸ್ಕ್ ರಾಯಚೂರಾಗ ಎಲ್ಲಿ ಸಿಗ್ತದ?

ಸಂಡೂರು ಸ್ಟೇರಿಂಗ್
ಪೇಂಟ್, ವೆಲ್ಡಿಂಗ್ ಸಾಮಾನು ಮಾರೋ ಹಾರ್ಡ್‌ವೇರ್ ಅಂಗಡ್ಯಾಗ ಕೇಳ್ರಿ. ಮೆಡಿಕಲ್ ಶಾಪಿನವರು ಸಾದಾದ್ದನ್ನೇ ಕೊಡ್ತಾರ. ಪಾಕೀಟಿನ ಮ್ಯಾಲೆ ಆಕ್ಟಿವೇಟೆಡ್ ಕಾರ್ಬನ್ ಅಂತ ಬರೆದಿದ್ರ ಮಾತ್ರ ತಗೋರಿ, ಬರೇ ಕಪ್ಪು ಬಣ್ಣದ ಬಟ್ಟಿ ಮಾಸ್ಕೂ ಅದರ ಪಕ್ಕದಾಗ ನೇತಾಡ್ತಿರತಾವು.